ತಾಟಿಗೆ ಬಂದ ಎಡಗೈ

ಬಸ್ಸು ಹತ್ತುವಾಗ ನಿಮ್ಮ ಯಾವ ಕೈ ಮೊದಲು ಕಂಬಿ ಹಿಡಿಯುತ್ತದೆ ಎಂದು ನೀವು ನೋಡಿಕೊಂಡಿರಲಿಕ್ಕಿಲ್ಲ. ಪುರಸೊತ್ತು ಯಾರಿಗಿದೆ, ಸೀಟು ಹಿಡಿಯಬೇಕಲ್ಲ. ನಾನು ನೋಡಿಕೊಂಡಿದ್ದೇನೆ. ತಿಕೋಟಾದಲ್ಲಿ ವಿಜಯಪುರದ ಬಸ್ಸು ಬಂದು ಗದ್ದಲ ಶುರುವಾದರೆ ನನ್ನ ಎಡಗೈ ಹೇಳದೆ ಕೇಳದೆ ಮುಂದೆ ಹೋಗುತ್ತದೆ; ಬಲಗೈ ಚೀಲ ಹೊತ್ತು ಹಿಂದಿನಿಂದ ಬರುತ್ತದೆ. ಅವಸರದಲ್ಲಿ ಅವೆರಡಕ್ಕೂ ಕಲಿಸಿದ ಪಾಠ ಮರೆತುಹೋಗುತ್ತದೆ.

ನಾನು ಹುಟ್ಟಾ ಎಡಚಿ. ಕಳ್ಳಕವಟಗಿಯ ತವರಿನಲ್ಲಿ ಊಟಕ್ಕೆ ಕೂತಾಗ ಅವ್ವ ನನ್ನ ಎಡಗೈಯನ್ನು ಹಳೆಯ ಸೀರೆಯ ಅಂಚಿನಿಂದ ಟೊಂಕಕ್ಕೆ ಕಟ್ಟುತ್ತಿದ್ದಳು. "ಎಡಗೈಲೆ ಉಣ್ಣಾಕಿನ್ನ ಯಾರ್ ಮಾಡ್ಕೋತಾರ ಬೇ?" ಎಂಬುದು ಅವಳ ಚಿಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೋರಿಗೆ ನೊಗ ರೂಢಿ ಮಾಡಿಸಿದ ಹಾಗೆ ಮಗಳಿಗೆ ಬಲಗೈ ರೂಢಿ ಮಾಡಿಸಿದಳು. ಎರಡನೆಯ ಈಯತ್ತೆಗೆ ಸಾಲಿ ಬಿಡುವುದರೊಳಗೆ ಪಾಟಿಯ ಮೇಲೆ ಕಲಿತ ನಾಲ್ಕಕ್ಷರಗಳೂ ಬಲಗೈಯವೇ. ಇವತ್ತಿಗೂ ಅವು ಕುಂಟುತ್ತವೆ, ನೀವೇ ಹೊಂದಿಸಿಕೊಂಡು ಓದಬೇಕು.

ಮದುವೆಯಾಗಿ ತಿಕೋಟಾಕ್ಕೆ ಬಂದೆ. ಎಡಗೈಯ ಸುದ್ದಿ ಗಂಡನಿಗೂ ತಿಳಿಯಲಿಲ್ಲ. ನನ್ನ ರೊಟ್ಟಿ ಮಾತ್ರ ಒಂದು ಮಗ್ಗುಲು ದಪ್ಪ, ಒಂದು ಮಗ್ಗುಲು ತೆಳ್ಳಗೆ. "ರೊಟ್ಟಿ ಬಡದೀಯೋ, ಗ್ವಾಡಿ ಕಟ್ಟೀಯೋ?" ಎಂದು ಅತ್ತೆ ಕೇಳುತ್ತಿದ್ದಳು. ಕೈಗುಣವಿಲ್ಲದ ಸೊಸೆ ಎಂಬ ಬಿರುದು ಬಂತು. ಕೇಳಿ ಕೇಳಿ ನಾನೂ ಅದನ್ನೇ ನಂಬಿ, ಮೊಮ್ಮಕ್ಕಳಾಗುವ ತನಕ ಅದೇ ಹೆಸರಿನಲ್ಲಿ ಬದುಕಿದೆ. ಎಡಗೈಗೆ ಉಳಿದದ್ದು ಸಗಣಿ ಬಳಿಯುವುದು, ಮಕ್ಕಳ ಕುಂಡಿ ತೊಳೆಯುವುದು. ಹೊಲಸಿಗೆ ಬೇಕು, ಉಣ್ಣುವ ತಾಟಿಗೆ ಬೇಡ. ಅದೂ ನನ್ನೊಳಗಿನ ಒಬ್ಬ ಸೊಸೆಯೇ ಅನ್ನಿ.

ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ವಿಜಯಪುರದಲ್ಲಿ ಪ್ಲಾಸ್ಟರ್ ಹಾಕಿದರು. ಸೊಸೆ ಮಹಾದೇವಿ ತುತ್ತು ಮಾಡಿ ಬಾಯಿಗಿಡತೊಡಗಿದಳು. ಒಳ್ಳೆಯವಳು, ಆದರೆ ಅವಸರದವಳು. ಒಂದು ಇಳಿಯುವ ಮೊದಲೇ ಮತ್ತೊಂದು. ಕಾಗೆಮರಿಯ ಹಾಗೆ ಬಾಯಿ ತೆರೆದು ಕೂತು ಬೇಸರ ಬಂದು, ಅವಳು ಅಂಗಡಿಗೆ ಹೋದಾಗ ನಾನೇ ಹಿಟ್ಟು ಕಲಸಿ ಎಡಗೈಯಿಂದ ರೊಟ್ಟಿ ಬಡಿದೆ. ಪ್ಲಾಸ್ಟರಿನ ಹೊರಗಿದ್ದ ಬಲಗೈಯ ಬೆರಳತುದಿಗಳು ತಿರುಗಿಸಿಕೊಟ್ಟವು. ಇಷ್ಟು ವರ್ಷ ತಿರುಗಿದ ದಿಕ್ಕಿಗೆ ವಿರುದ್ಧವಾಗಿ ತಿರುಗಿದ ಆ ರೊಟ್ಟಿ ಸುತ್ತಲೂ ಒಂದೇ ತೆಳು. ಅತ್ತೆ ಇದ್ದಿದ್ದರೆ ತೋರಿಸುತ್ತಿದ್ದೆ, ನಂಬುತ್ತಿರಲಿಲ್ಲ. ಅದೇ ಕೈಯಿಂದ ಮುರಿದು ಉಂಡೆ.

ಪ್ಲಾಸ್ಟರ್ ಇರುವ ತನಕ ಯಾರೂ ಏನೂ ಅನ್ನಲಿಲ್ಲ. ಬಿಚ್ಚಿದ ಮೇಲೆ ನೆಪ ಹೋಯಿತು, ಎಡಗೈ ಮಾತ್ರ ತಾಟು ಬಿಡಲಿಲ್ಲ. ಮೊನ್ನೆ ಬಬಲೇಶ್ವರದಲ್ಲಿ, ಮಹಾದೇವಿಯ ತವರಿನಲ್ಲಿ, ಅವಳ ತಮ್ಮನ ಬಸುರಿ ಹೆಂಡತಿಯ ಕುಬುಸದ ಊಟವಿತ್ತು. ಬಸ್ಸಿನಲ್ಲೇ ಅವಳು ಶುರು ಮಾಡಿದಳು.

"ಅತ್ತೀ, ನಮ್ಮವ್ವನ ಮುಂದರೆ ಬಲಗೈಲೆ ಉಣ್ರಿ. ಮಂದ್ಯಾಗ ನನ್ನ ಮಾನ ಹೋಗತೈತಿ."

"ನಿನ್ನ ಮಾನ ನನ್ನ ಬೆರಳಾಗ ಐತೇನ್ ಬೇ?"

ಅವಳು ಕಿಟಕಿಯ ಕಡೆ ತಿರುಗಿದಳು. ಮಾತು ಒರಟಾಯಿತು, ಆದರೆ ನನಗೂ ಭಯವಿತ್ತು. ಈ ವಯಸ್ಸಿನಲ್ಲಿ ಪಂಕ್ತಿಯಲ್ಲಿ ಕೂತು ನಗೆಪಾಟಲಾಗುವುದು ಸಣ್ಣ ಮಾತಲ್ಲ. ಬಲಗೈಯಲ್ಲಿ ಉಂಡು ಎದ್ದರೆ ಎಲ್ಲರಿಗೂ ಸುಖ. ಆದರೆ ಉಂಡವಳು ಯಾರು? ಅರ್ಧ ನನ್ನನ್ನು ಮನೆಯಲ್ಲಿ ಕಟ್ಟಿಹಾಕಿ ಇನ್ನರ್ಧವೇ ಊಟಕ್ಕೆ ಬಂದ ಹಾಗಲ್ಲವೇ?

ಪಂಕ್ತಿಯಲ್ಲಿ ಬೀಗತಿ, ಮಹಾದೇವಿಯ ಅವ್ವ, ನನ್ನ ಪಕ್ಕದಲ್ಲೇ ಕೂತರು. ತಾಟಿಗೆ ಹೋದ ನನ್ನ ಎಡಗೈ ನೋಡಿ, ಇಡೀ ಪಂಕ್ತಿಗೆ ಕೇಳುವಂತೆ, "ಕೈ ಇನ್ನಾ ಕೂಡಿಲ್ಲೇನ್ರಿ ಬೀಗತಿ?" ಎಂದರು.

"ಕೂಡೇತ್ರಿ."

"ಮತ್ತ ಎಡಗೈ ಯಾಕ್ರಿ?"

"ಅದೂ ನಂದ ಐತ್ರಿ."

ಯಾರೋ ಕಿಸಕ್ಕೆಂದರು. ಬೀಗತಿ ತಮ್ಮ ತಾಟನ್ನು ಒಂದಿಷ್ಟು ಆಚೆ ಸರಿಸಿಕೊಂಡರು. ನನ್ನ ಬಲಗೈ ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ಪಾಪ, ಅದರದೇನು ತಪ್ಪು, ತನ್ನದಲ್ಲದ ಕೆಲಸವನ್ನು ಜನ್ಮವಿಡೀ ಮಾಡಿದೆ. ಈಗ ಅದನ್ನು ಕಟ್ಟಿದರೆ ನಾನೂ ಅವ್ವನೇ ಆದೆ. ತಾಟು ಹಿಡಿಯಲು ಅದನ್ನೂ ಕರೆದೆ. ಎಡಗೈ ಹೋಳಿಗೆ ಮುರಿಯಿತು.

ತುಪ್ಪ ಬಡಿಸುತ್ತ ಬಂದ ಮಹಾದೇವಿ ನನ್ನ ಮುಂದೆ ನಿಂತಳು. ತನ್ನವ್ವನನ್ನು ನೋಡಿದಳು, ನನ್ನ ಕೈ ನೋಡಿದಳು.

"ಎಲ್ಲಿ ಹಾಕ್ಲಿರಿ ಅತ್ತೀ?"

"ಹೋಳಿಗಿ ಎಲ್ಲೈತಿ, ಅಲ್ಲಿ."

ಹಾಕಿದಳು, ಯಾವತ್ತಿಗಿಂತ ತುಸು ಹೆಚ್ಚೇ. ಸಿಟ್ಟಿಗೋ ಒಪ್ಪಿಗೆಗೋ, ನಾನು ಕೇಳಲಿಲ್ಲ. ಉಂಡು ಎದ್ದು ಎರಡೂ ಕೈ ತೊಳೆದುಕೊಂಡೆ.