ಬಾಣಲೆಯ ಬೆಂಕಿ ಮತ್ತು ನಾಲ್ಕನೇ ಕ್ಲಾಸಿನ ಸಿಂಚನ

ನಮ್ಮ ಅಡುಗೆಮನೆಯ ಒಂದು ಗೋಡೆ ಈಗ ಅರ್ಧ ಕಪ್ಪು. ಬಣ್ಣ ಹೊಡೆಸಿ ಅಂತ ಹೆಂಡತಿ ದಿನಾ ಹೇಳುತ್ತಿದ್ದಾಳೆ. ನನಗೇ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಹೋದ ತಿಂಗಳ ಒಂದು ಭಾನುವಾರ. ಹೆಂಡತಿ ಕುಣಿಗಲ್‌ಗೆ ಯಾರದೋ ಸೀಮಂತಕ್ಕೆ ಹೋಗಿದ್ದಳು. ತುಮಕೂರಿನ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ತಂಗಿಯ ಮಗಳು ಸಿಂಚನ. ತಂಗಿಯ ಊರು ಗುಬ್ಬಿ ಹತ್ತಿರ. ಸಿಂಚನ ಅಲ್ಲೇ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಶನಿವಾರ ಶಾಲೆ ಬಿಟ್ಟರೆ ಸಾಕು, ಮಾವನ ಮನೆಗೆ ಹಾಜರು. (ಮಾವನ ಮೇಲಿನ ಪ್ರೀತಿ ಅಂತ ನಾನು ತಿಳಿದಿದ್ದೇನೆ. ಟಿವಿ ರಿಮೋಟಿನ ಮೇಲಿನ ಪ್ರೀತಿ ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.)

ಮಧ್ಯಾಹ್ನ ಅನ್ನ, ಸಾರು ರೆಡಿ ಇತ್ತು. ಹಪ್ಪಳ ಇಲ್ಲದೆ ಊಟವೇ? ಬಾಣಲೆಗೆ ಎಣ್ಣೆ ಸುರಿದು ಒಲೆ ಹಚ್ಚಿದೆ. ಆಗಲೇ ಹಳೇ ಗೆಳೆಯನ ಫೋನು ಬಂತು. ಹಾಲ್‌ಗೆ ಬಂದು ಕೂತೆ. ಮಾತು ರಾಜಕೀಯಕ್ಕೆ ತಿರುಗಿತು. ರಾಜಕೀಯಕ್ಕೆ ತಿರುಗಿದ ಮೇಲೆ ಒಲೆಯ ನೆನಪು ಯಾರಿಗಿರುತ್ತದೆ ಹೇಳಿ?

ಸುಟ್ಟ ವಾಸನೆ ಮೂಗಿಗೆ ಬಡಿದಾಗ ಎದ್ದು ಓಡಿದೆ. ಬಾಣಲೆಯಲ್ಲಿ ಎಣ್ಣೆ ಕಾಣಲಿಲ್ಲ. ಬರೀ ಬೆಂಕಿ. ಜ್ವಾಲೆ ಮೇಲಿನ ಕಪಾಟನ್ನು ನೆಕ್ಕುತ್ತಿತ್ತು. ಅಂಥ ಹೊತ್ತಿನಲ್ಲಿ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ? ನನ್ನ ಕೈ ನೀರಿನ ಬಕೆಟ್‌ಗೆ ಹೋಯಿತು. ಎತ್ತಿಯೂ ಆಗಿತ್ತು.

"ಮಾವ, ನೀರ್ ಹಾಕ್ಬೇಡ."

ಸಿಂಚನ ಹಿಂದಿನಿಂದ ನನ್ನ ಶರ್ಟು ಜಗ್ಗಿ ಹಿಡಿದಿದ್ದಳು. ಬಿಡು ಅಂತ ಗದರಿದೆ. ಬಿಡಲಿಲ್ಲ. "ನೀರ್ ಹಾಕುದ್ರೆ ಎಣ್ಣೆ ಮೇಲಕ್ಕೆ ಬರ್ತೈತೆ, ಬೆಂಕಿನೂ ಬರ್ತೈತೆ. ಗಾಳಿ ಹೋಗ್ದಂಗೆ ಮುಚ್ಚು ಮಾವ," ಅಂದಳು.

ಇಡ್ಲಿ ಪಾತ್ರೆಯ ದೊಡ್ಡ ಮುಚ್ಚಳ ತಂದು ಕೈಗಿಟ್ಟವಳೂ ಅವಳೇ. ಇಕ್ಕಳದಲ್ಲಿ ಹಿಡಿದು, ಪಕ್ಕದಿಂದ ಬಾಣಲೆಯ ಮೇಲೆ ಸರಿಸಿದೆ. ಗ್ಯಾಸ್ ಆರಿಸಿದೆ. ಮುಚ್ಚಳದ ಅಂಚಿನಿಂದ ಕಪ್ಪು ಹೊಗೆ ಒಂದಿಷ್ಟು ನುಗ್ಗಿತು. ಆಮೇಲೆ ಏನೂ ಇಲ್ಲ. ಆರಿದೆಯೋ ಇಲ್ಲವೋ ನೋಡೋಣ ಅಂತ ಮುಚ್ಚಳಕ್ಕೆ ಕೈ ಹಾಕಿದರೆ, ಈಗಲೇ ತೆಗೆದರೆ ಗಾಳಿ ಸಿಕ್ಕಿ ಮತ್ತೆ ಹತ್ತಿಕೊಳ್ಳುತ್ತದೆ ಎಂದು ಅದಕ್ಕೂ ಅವಳದೇ ತಡೆ.

ಇಷ್ಟೆಲ್ಲ ಆದ ಮೇಲೆ ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ.

ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಶಶಿಕಲಾ ಮಿಸ್ ಅಂದಳು. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ಬೆಂಕಿ ಯಾಕೆ ಆರಿತು ಅಂತ ಮಕ್ಕಳನ್ನೇ ಕೇಳಿದ್ದರಂತೆ. ಇನ್ನೊಂದು ದಿನ ಬಾಟಲಿಯಲ್ಲಿ ನೀರು, ಎಣ್ಣೆ ಹಾಕಿ ಕುಲುಕಿಸಿದ್ದರಂತೆ, ಎಷ್ಟು ಕುಲುಕಿದರೂ ಎಣ್ಣೆ ಮೇಲಕ್ಕೇ ಬಂತಂತೆ. ಆಮೇಲೆ ದನಿ ಸಣ್ಣದು ಮಾಡಿ ಹೇಳಿದಳು, "ಈಗ ಮಿಸ್ ಮೇಣದಬತ್ತಿ ಹಚ್ಚಲ್ಲ ಮಾವ. ಅಪ್ಪ ಬೈದ್ರು."

ಅಪ್ಪ ಅಂದರೆ ನನ್ನ ತಂಗಿಯ ಗಂಡ ಮಹೇಶ. ತೋಟವಿದೆ, ಫ್ಯಾಕ್ಟರಿಯಲ್ಲಿ ಕೆಲಸವೂ ಇದೆ, ಸಜ್ಜನ. ಚಿಕ್ಕ ಮಕ್ಕಳ ಮುಂದೆ ಬೆಂಕಿಕಡ್ಡಿ ಗೀಚಿ ಏನು ಪಾಠ ಅಂತ ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದ್ದನಂತೆ. ಉಳಿದವರೂ ದನಿಗೂಡಿಸಿದರು. ಹೆಡ್‌ಮಾಸ್ಟರಿಗೆ ಯಾಕೆ ಬೇಕು ತಾಪತ್ರಯ? ಮೇಣದಬತ್ತಿ, ಲೋಟ, ಬೆಂಕಿಪೊಟ್ಟಣ ಎಲ್ಲ ಬೀರು ಸೇರಿದವು.

ಸಂಜೆ ಮಗಳನ್ನು ಕರೆದೊಯ್ಯಲು ಬಂದ ಮಹೇಶ ಗೋಡೆ ನೋಡಿದ. ನಡೆದದ್ದು ಹೇಳಿದೆ. ಮಗಳ ಕೈ ಹಿಡಿದುಕೊಂಡೇ ಕೂತ. ಹೊರಡುವಾಗ, ನಾಳೆ ಶಾಲೆಗೆ ಹೋಗೋಣ, ನೀವೂ ಬನ್ನಿ ಭಾವ ಅಂದ.

ನಾನೂ ಅದೇ ಪಾಠ ಓದಿದವನೇ. 'ದಹನಕ್ಕೆ ಆಮ್ಲಜನಕ ಅವಶ್ಯಕ' ಅಂತ ಬರೆದು ಮಾರ್ಕ್ಸ್ ತೆಗೆದವನೇ. ಆ ಆಮ್ಲಜನಕ ಬಾಣಲೆಯ ಮುಂದೆ ನೆನಪಿಗೆ ಬಂತೇ? ಅದು ಆನ್ಸರ್ ಶೀಟಿನಲ್ಲೇ ಉಳಿದುಹೋಗಿತ್ತು.

ಸೋಮವಾರ ಹೋದೆವು. ಶಶಿಕಲಾ ಮಿಸ್ ಅಮೃತೂರಿನ ಕಡೆಯವರು, ಗುಬ್ಬಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಮಹೇಶನನ್ನು ಕ್ಲಾಸಿನ ಬಾಗಿಲಲ್ಲಿ ಕಂಡದ್ದೇ ಅವರ ಮುಖ ಇಳಿಯಿತು. ಪೇರೆಂಟ್ಸ್ ಬಂದರು ಅಂದರೆ ಕಂಪ್ಲೇಂಟ್ ಬಂತು ಅಂತಲೇ ಅರ್ಥ ಸರ್ ಅಂತ ಆಮೇಲೆ ಅವರೇ ಹೇಳಿದರು.

ಮಹೇಶ ನನ್ನನ್ನೇ ಮುಂದಕ್ಕೆ ಬಿಟ್ಟ. ನಾನೇ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ಸಿಂಚನಳನ್ನು ಹತ್ತಿರ ಕರೆದು ಎರಡೂ ಅಂಗೈ ತಿರುಗಿಸಿ ನೋಡಿದರು. ಸುಟ್ಟಿಲ್ಲ ಅಂತ ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದರು.

"ಎಣ್ಣೆ ಬೆಂಕಿ ವಿಷ್ಯ ನಾನು ಹೇಳ್ಕೊಟ್ಟೇ ಇಲ್ಲ ಸರ್."

ಮತ್ತೆ? ಲೋಟದ ಪಾಠ ಒಂದು ದಿನದ್ದು, ಬಾಟಲಿಯ ಪಾಠ ಇನ್ನೊಂದು ದಿನದ್ದು. ಎರಡನ್ನೂ ನನ್ನ ಅಡುಗೆಮನೆಯಲ್ಲಿ ನಿಂತು ಜೋಡಿಸಿದವಳು ಸಿಂಚನ. ಮಿಸ್ ಕಣ್ಣು ಒದ್ದೆಯಾಗಿದ್ದು ಆಗ.

ಹಾಗಂತ ಪಾಠ ಬಿಡಲಿಲ್ಲ. "ನೀನು ಹೇಳಿದ್ದು ಅರ್ಧ ಸರಿ ಕಣೇ," ಅಂದರು. ಎಣ್ಣೆ ಮೇಲೆ ಬರುತ್ತದೆ, ಒಪ್ಪಿದೆ. ಕೆಳಗಿಳಿದ ನೀರು ಅಷ್ಟು ಕಾದ ಎಣ್ಣೆಯೊಳಗೆ ಏನಾಗುತ್ತದೆ ಅಂತ ಇಡೀ ಕ್ಲಾಸನ್ನು ಕೇಳಿದರು. ಆವಿ ಆಗುತ್ತೆ ಅಂತ ಉತ್ತರ ಬಂತು. ಎಲ್ಲ ನೀರೂ ಒಂದೇ ಸಲಕ್ಕೆ ಆವಿಯಾದರೆ? ಮಕ್ಕಳು ಯೋಚಿಸಿದರು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು, "ಉರೀತಿರೋ ಎಣ್ಣೆನೇ ಸಿಡೀತೈತೆ ಮಿಸ್."

ಆ ಬಕೆಟ್ ಸುರಿದಿದ್ದರೆ? ನನ್ನ ಬೆನ್ನ ಹಿಂದೆಯೇ ಇದ್ದಳಲ್ಲ ಈ ಮಗು.

ಆಗ ಮಹೇಶ ಬಾಯಿಬಿಟ್ಟ. "ಹೆದ್ರಿಕೇಲಿ ಅಂದ್ಬುಟ್ಟೆ ಮಿಸ್. ಒಬ್ಳೇ ಮಗ್ಳು. ಆ ಬೀರು ತೆಗ್ಸಿ, ನಾನೂ ಇಲ್ಲೇ ಕೂತ್ಕೋತೀನಿ."

ಹೆಡ್‌ಮಾಸ್ಟರು ಬೀಗ ತೆಗೆದರು, ಷರತ್ತು ಹಾಕಿಯೇ. ಕಡ್ಡಿ ಗೀಚುವುದು ಮಿಸ್ ಮಾತ್ರ, ಪಕ್ಕದಲ್ಲಿ ಒಂದು ಬಕೆಟ್ ಮರಳು, ಜೊತೆಗೆ ಸರದಿಯ ಮೇಲೆ ಒಬ್ಬರು ಪೇರೆಂಟ್. ಮಿಸ್ ಎಲ್ಲಕ್ಕೂ ಹೂಂ ಅಂದರು. ಮೊದಲ ಸರದಿ ಮಹೇಶನದ್ದೇ. ಪ್ಯಾಂಟಿಗೆ ಧೂಳಾದೀತು ಅನ್ನದೆ ಮಕ್ಕಳ ನಡುವೆ ಚಕ್ಕಲಮಕ್ಕಲ ಹಾಕಿ ಕೂತು, ಉರಿಯುವ ಬತ್ತಿಯ ಮೇಲೆ ಲೋಟ ಕವುಚಿದ. ಜ್ವಾಲೆ ಸಣ್ಣಗಾಯಿತು, ನೀಲಿಯಾಯಿತು, ಹೋಯಿತು. ಇನ್ನೂ ದೊಡ್ಡ ಲೋಟ ಹಾಕಿದರೆ ಏನಾಗುತ್ತೆ ಅಂತ ಕೇಳಿದ. ಮಕ್ಕಳೆಲ್ಲ ನಕ್ಕರು. ಹೇಳಿಕೊಡುವುದಿಲ್ಲ, ಮಾಡಿ ನೋಡಿ ಅಂದರು!

ಹೊರಡುವಾಗ ಮಿಸ್‌ಗೆ ಕೈಮುಗಿದೆ. ಬೇರೆ ಏನು ಹೇಳಲಿ? ಇಂಥವರು ನಮ್ಮ ಊರುಗಳ ಶಾಲೆಗಳಲ್ಲಿ ಇನ್ನೂ ಇದ್ದಾರೆ. ಯಾರ ಬೈಗುಳಕ್ಕೂ ಎದುರಾಡದೆ, ಅವಕಾಶ ಸಿಕ್ಕಿದ ದಿನ ಮತ್ತೆ ಬತ್ತಿ ಹಚ್ಚುತ್ತಾರೆ. ಅವರಿಂದಾಗಿ ನಾನು ಈ ವಾರವೂ ನಿಮಗೆ ಈ ಅಂಕಣ ಬರೆಯುತ್ತಿದ್ದೇನೆ. ಅದರ ಗುರುತಿಗೆ ಆ ಗೋಡೆ ಕಪ್ಪಾಗಿಯೇ ಇರಲಿ ಬಿಡಿ.

ಬೆಂಕಿ ಮುಟ್ಟಬೇಡ ಅಂತ ಮಕ್ಕಳಿಗೆ ಹೇಳದವರು ಯಾರೂ ಇಲ್ಲ. ಬೆಂಕಿ ಯಾವುದರಿಂದ ಬದುಕುತ್ತದೆ ಅಂತ ತೋರಿಸಿದವರು ನಮ್ಮಲ್ಲಿ ಎಷ್ಟು ಜನ?