ಬೀಗರ ಮನೆಗೆ ಹೊರಟ ಅಕ್ತೋಸ್

ಅಕ್ತೋಸ್ ಎಂಬುದು ಕುರಿಮಂದೆ ಕಾಯುವ, ತೋಳದ ಕುತ್ತಿಗೆಗೇ ಬಾಯಿ ಹಾಕುವ ಬಿಳಿ ಎದೆಯ ನಾಯಿಗೆ ಇಡುವ ಹೆಸರು. ಉಲ್ಮೆಕೆನ್ ಸಾಕಿದ ಅಕ್ತೋಸ್ ಬೆಕ್ಕನ್ನು ಕಂಡರೆ ಮಂಚದ ಕೆಳಗೆ ಸೇರುತ್ತಿತ್ತು. ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಅಸೇಮ್ ಒಂದು ಚಳಿಗಾಲ ಅದನ್ನು ಬಸ್ ನಿಲ್ದಾಣದಿಂದ ಕೋಟಿನೊಳಗೆ ಮುಚ್ಚಿಕೊಂಡು ತಂದಿದ್ದಳು. "ನಾಯಿ ಇರೋ ಮನೆಗೆ ದೇವದೂತರು ಕಾಲಿಡಲ್ಲ" ಎಂದು ತಾಯಿ ಕೂಗಾಡಿದಳು. ವಾರ ಕಳೆಯುವುದರೊಳಗೆ ಅದೇ ತಾಯಿ ಆ ನಾಯಿಗೆ ಉಣ್ಣೆಯ ಅಂಗಿ ಹೊಲಿದು ತೊಡಿಸಿದ್ದಳು.

ಹೊಲಿಗೆ ಉಲ್ಮೆಕೆನ್‌ಳ ಕಸುಬು. ಗಂಡ ತೀರಿಕೊಂಡ ಮೇಲೆ ಕಿಜಿಲೊರ್ದಾ ಊರಿನ ಮದುವೆಗಳಿಗೆಲ್ಲ ಕೌದಿ ಹೊಲಿದೇ ಆಕೆ ಮಗಳನ್ನು ಓದಿಸಿದಳು, ಮದುವೆ ಮಾಡಿ ಸಮುದ್ರದ ದಡದ ಅಕ್ತಾವ್‌ಗೆ ಕಳಿಸಿದಳು. ನಾಯಿ ಮಾತ್ರ ತಾಯಿಯ ಬಳಿಯೇ ಉಳಿಯಿತು. ಈಗ ಆಕೆಯ ಮೊಣಕಾಲುಗಳು ಕೈಕೊಟ್ಟಿದ್ದವು. ಅಕ್ತೋಸನ್ನು ಹೊರಗೆ ತಿರುಗಿಸಲೆಂದು ದಿನವೂ ನಾಲ್ಕು ಮಹಡಿ ಇಳಿದು ಹತ್ತುವುದು ಇನ್ನು ಸಾಧ್ಯವಿರಲಿಲ್ಲ. ನಾಯಿಯನ್ನು ಅಕ್ತಾವ್‌ನಲ್ಲಿ ಇಟ್ಟುಕೊಳ್ಳಲು ಅಸೇಮ್ ಅತ್ತೆಯನ್ನು ಹೇಗೋ ಒಪ್ಪಿಸಿದಳು. ಅತ್ತೆ ರಬಿಗಾ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಬರ್ಲಿ. ಆದ್ರೆ ಒಂದೇ ಒಂದು ಸಲ ಮನೆ ಗಲೀಜು ಮಾಡಿದ್ರೂ ಬಂದ ದಾರಿಗೇ ವಾಪಸ್."

ವಾಪಸ್ಸು ಬಂದರೆ ಅದಕ್ಕೆ ಉಳಿದ ಜಾಗ ವಾರಗಿತ್ತಿ ಬಲ್ಜಾನಳ ಹಳ್ಳಿಯ ಅಂಗಳವೊಂದೇ. ಅಲ್ಲಿನ ಕುರಿನಾಯಿಗಳಿಗೆ ಇದು ಒಂದು ತುತ್ತಿಗೂ ಸಾಲುತ್ತಿರಲಿಲ್ಲ.

ನಾಯಿಯನ್ನು ಜಾಲರಿಯ ಚೀಲದಲ್ಲಿಟ್ಟು ವಿಮಾನದಲ್ಲಿ ಒಯ್ಯಬೇಕಿತ್ತು. ಪಶುವೈದ್ಯರು ಬಿಡಿಸಿ ಹೇಳಿದ್ದರು: ಹೊರಡುವ ದಿನ ಬೆಳಗಿನಿಂದ ಊಟ ಕೊಡಬೇಡಿ, ನೀರು ನಾಲಿಗೆ ನೆನೆಯುವಷ್ಟು ಸಾಕು, ಚೀಲದ ತಳಕ್ಕೆ ಈ ಹೀರುವ ಹಾಸನ್ನು ಹಾಕಿ. ಉಲ್ಮೆಕೆನ್ ಮೊದಲೆರಡನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಮೂರನೆಯದಕ್ಕೆ ಆಕೆಯ ಮನಸ್ಸು ಒಪ್ಪಲಿಲ್ಲ. ಬೀಗರ ಮನೆಗೆ ಹೋಗುವ ನಾಯಿ ಆಸ್ಪತ್ರೆಯ ರೋಗಿಯಂತೆ ಕಾಗದದ ಹಾಸಿನ ಮೇಲೆ ಮಲಗುವುದೇ? ಟಗರಿನ ಕೊಂಬಿನ ಚಿತ್ತಾರವಿಟ್ಟು, ಒಳಗೆ ಒಳ್ಳೆಯ ಕುರಿಯುಣ್ಣೆ ತುಂಬಿ, ಚೀಲದ ಅಳತೆಗೆ ಸರಿಯಾಗಿ ಒಂದು ಪುಟ್ಟ ಕೌದಿ ಹೊಲಿದಳು. ವೈದ್ಯರ ಹಾಸು ಮನೆಯ ಕಪಾಟಿನಲ್ಲೇ ಉಳಿಯಿತು.

ಬೀಳ್ಕೊಡಲು ಹಳ್ಳಿಯಿಂದ ಬಲ್ಜಾನ್ ಬಂದಿದ್ದಳು. ಉಲ್ಮೆಕೆನ್ ಒಳಕೋಣೆಯಲ್ಲಿ ಹೊಸ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಬಂದು ನೋಡಿದರೆ, ಅಕ್ತೋಸ್ ಖಾಲಿ ಬಟ್ಟಲನ್ನು ನೆಕ್ಕುತ್ತ ನಿಂತಿತ್ತು.

"ಅಕ್ಕಾ, ಏನು ಮಾಡಿದ್ರಿ?"

"ಏನ್ ಮಾಡ್ದೆ? ಊರಿಗೆ ಹೊರಟವರು ರೊಟ್ಟಿಗೆ ಬಾಯಿ ಮುಟ್ಟಿಸದೆ ಹೊಸ್ತಿಲು ದಾಟ್ತಾರಾ? ನೀನು ಕಚ್ಚಿದೆ, ಅದೂ ಕಚ್ತು."

"ಅದು ನಾಯಿ ಅಕ್ಕಾ!"

"ನಾಯಿ ಆದ್ರೇನು, ಈ ಮನೆ ಅನ್ನ ತಿಂದು ಬೆಳೆದಿದ್ದಲ್ವಾ? ಬರೀ ರೊಟ್ಟಿ ಕೊಡೋಕೆ ನಂಗೆ ಮನಸ್ಸು ಬರ್ಲಿಲ್ಲ. ಮೇಲೆ ಎರಡು ಚೂರು ಕಾಝಿ ಇಟ್ಟೆ. ಕುದುರೆ ಮಾಂಸ, ಕೊಬ್ಬು ತುಂಬಿ ಮಾಡಿದ್ದು, ದಾರೀಲಿ ಹಸಿವಾಗಲ್ಲ. ಉಪ್ಪು ಜಾಸ್ತಿ ಆಯ್ತೇನೋ ಪಾಪ, ಒಂದು ಬಟ್ಟಲು ನೀರು ಗಟಗಟ ಕುಡೀತು."

ಉಲ್ಮೆಕೆನ್ ಹಣೆ ಚಚ್ಚಿಕೊಂಡಳು. "ತಿರುಗಿ ಬರ್ಲಿ ಅಂತಲ್ವೇನಕ್ಕಾ ರೊಟ್ಟಿಗೆ ಬಾಯಿ ಮುಟ್ಟಿಸೋದು? ಇದು ತಿರುಗಿ ಬರಬಾರದು ಅಂತ ತಾನೇ ನಾನು ಇಷ್ಟು ಒದ್ದಾಡ್ತಿರೋದು!"

ಬಲ್ಜಾನ್ ಖಾಲಿ ಬಟ್ಟಲನ್ನು ಎತ್ತಿಕೊಂಡಳು. "ಅದು ನಂಗೆ ಹೊಳೀಲೇ ಇಲ್ಲ ನೋಡು" ಎಂದಳು.

ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ, ಕಾಲ ಬಳಿ ಇಟ್ಟಿದ್ದ ಚೀಲದೊಳಗೆ ಪರಪರ ಸದ್ದಾಯಿತು. ಆ ಸದ್ದು ಉಲ್ಮೆಕೆನ್‌ಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಾದರೆ ಅದು ಬಾಗಿಲು ತೆಗೆ ಎಂಬ ಸೂಚನೆ. ಇಲ್ಲಿ ಯಾವ ಬಾಗಿಲು ತೆಗೆಯುವುದು? ಆಕೆ ಬಗ್ಗಿ, "ತಡ್ಕೋ ಮಗನೇ, ತಡ್ಕೋ" ಎಂದು ಪಿಸುಗುಟ್ಟಿದಳು. ಸದ್ದು ನಿಂತಿತು. ಅದು ನಿಂತದ್ದೇ ಆಕೆ ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದಳು.

ಪಕ್ಕದಲ್ಲಿ ಎಣ್ಣೆಬಾವಿಯ ಕೆಲಸಕ್ಕೆ ಮರಳುತ್ತಿದ್ದ ದಢೂತಿ ಆಳೊಬ್ಬ ಕುಳಿತಿದ್ದ. ಅವನು ಮೂಗು ಅರಳಿಸಿದ.

"ಆಪಾ, ನೆಂಟರಿಗೆ ಮಾಂಸ ತಗೊಂಡು ಹೋಗ್ತಿದ್ದೀರಾ? ಕೆಟ್ಟ ಹಾಗಿದೆ."

"ಕೆಟ್ಟಿಲ್ಲಪ್ಪ. ಈಗ ತಾನೇ ತಯಾರಾಯ್ತು."

ಅವನು ಬಗ್ಗಿ ಜಾಲರಿಯ ಕಿಂಡಿಯಲ್ಲಿ ಇಣುಕಿದ. ಎರಡು ತೇವಗಣ್ಣುಗಳು ಅವನನ್ನು ನೋಡಿದವು. ಅವನು ಎದ್ದು ದಾರಿ ಬಿಟ್ಟ.

ಉಲ್ಮೆಕೆನ್ ಚೀಲದ ಜಿಪ್ಪಿಗೆ ಕೈ ಹಾಕಿದ್ದೇ ಗಗನಸಖಿ ಓಡಿ ಬಂದಳು. "ಆಪಾ, ನಾಯಿನ ಚೀಲದಿಂದ ಹೊರಗೆ ತೆಗೆಯೋ ಹಾಗಿಲ್ಲ."

"ಹೊರಗೆ ತೆಗೆಯದೆ ತೊಳೆಯೋದು ಹೇಗಮ್ಮಾ? ನಾನೇ ಒಳಗೆ ಹೋಗ್ಲಾ?"

ಹುಡುಗಿ ನಗು ತಡೆದುಕೊಂಡು ಕೈಗವಸು, ಒದ್ದೆ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ತಂದುಕೊಟ್ಟಳು. "ಚೀಲ ಸಮೇತ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕ್ಕೊಳ್ಳಿ. ನಾನು ಏನೂ ನೋಡಿಲ್ಲ."

ಶೌಚಾಲಯ ಮನೆಯ ಕಪಾಟಿಗಿಂತ ಕಿರಿದು. ಮೊಣಕಾಲು ಮಡಿಸಲು ಜಾಗವಿಲ್ಲ, ನೆಟ್ಟಗೆ ನಿಂತರೆ ನೋವು. ಅಕ್ತೋಸನ್ನು ಕೈತೊಳೆಯುವ ಬೋಗುಣಿಯಲ್ಲಿ ನಿಲ್ಲಿಸಿದಳು. ನಲ್ಲಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು. ಒಂದು ಕೈ ನಲ್ಲಿಗೆ, ಒಂದು ಕೈ ನಾಯಿಗೆ, ಉಜ್ಜಲು ಮೂರನೆಯ ಕೈ ಎಲ್ಲಿಂದ ತರುವುದು? ಕೌದಿಯಂತೂ ಒಂದು ಹನಿಯನ್ನೂ ಹೀರಿರಲಿಲ್ಲ. ಎಣ್ಣೆಯಂಶವಿರುವ ಹೊಸ ಉಣ್ಣೆ ನೀರನ್ನು ಒಳಗೆ ಬಿಡದು. ಊರಿನ ಹೆಂಗಸರಿಗೆಲ್ಲ ಇದನ್ನು ತಾನೇ ಹೇಳಿಕೊಟ್ಟವಳು! ಬಂದದ್ದೆಲ್ಲ ಹೊಲಿಗೆಯ ಸಾಲು ಹಿಡಿದು ಹರಿದು, ಚಿತ್ತಾರದ ಕೊಂಬಿನ ಸುರುಳಿಗಳಲ್ಲಿ ನಿಂತಿತ್ತು. "ಇನ್ನೂ ಚಿತ್ತಾರ ಬಿಡಿಸು, ಬಿಡಿಸು" ಎಂದು ತನ್ನನ್ನೇ ಬೈದುಕೊಂಡಳು. ಬಲ್ಜಾನಳನ್ನೂ ಬೈದಳು. ತಮ್ಮ ಹಿರಿಯರು ಕುದುರೆಯ ಹಿಂದೆ ನಾಯಿಯನ್ನು ಓಡಿಸುತ್ತಿದ್ದರೇ ಹೊರತು ಚೀಲಕ್ಕೆ ತುಂಬಿ ಹಾರಿಸುತ್ತಿರಲಿಲ್ಲ ಎಂದು ಕಾಲವನ್ನೂ ಬೈದಳು.

ಯಾರೋ ಬಾಗಿಲು ಬಡಿದರು. "ಒಳಗೆ ಇಬ್ಬರಿದ್ದೀವಿ, ತಾಳಿ!" ಎಂದು ಕೂಗಿದಳು.

ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಂಟು ಹಾಕಿದಳು. ಬರಿದಾದ ಚೀಲದೊಳಗೆ ಒದ್ದೆ ನಾಯಿ ಗಡಗಡ ನಡುಗಿತು. ಕಾಗದವೆಲ್ಲ ಮುಗಿದಿತ್ತು. ಉಲ್ಮೆಕೆನ್ ಕನ್ನಡಿಯಲ್ಲಿ ತನ್ನ ಹೊಸ ತಲೆವಸ್ತ್ರವನ್ನು ಒಮ್ಮೆ ನೋಡಿಕೊಂಡಳು. ಬೀಗಿತಿಯ ಎದುರು ಬರಿತಲೆಯಲ್ಲಿ ನಿಲ್ಲುವುದೇ? ನಾಯಿ ಸೀನಿತು. "ನಿನ್ನ ಮನೆ ಹಾಳಾಗ" ಎನ್ನುತ್ತ ತಲೆವಸ್ತ್ರ ಬಿಚ್ಚಿ ಅದನ್ನು ಬೆಚ್ಚಗೆ ಸುತ್ತಿದಳು.

ಅಕ್ತಾವ್‌ನಲ್ಲಿ ಎಂದಿನಂತೆ ಜೋರು ಗಾಳಿ. ನಿಲ್ದಾಣದ ಹೊರಬಾಗಿಲಲ್ಲಿ ಅಸೇಮ್ ಮತ್ತು ರಬಿಗಾ ಕಾಯುತ್ತಿದ್ದರು. ತಲೆವಸ್ತ್ರವನ್ನು ಗಾಳಿ ಹಾರಿಸಿಕೊಂಡು ಹೋಯಿತು ಎನ್ನೋಣವೆಂದು ಉಲ್ಮೆಕೆನ್ ಮನಸ್ಸಿನಲ್ಲೇ ಸಿದ್ಧವಾಗಿದ್ದಳು. ಆದರೆ ರಬಿಗಾ ಮೀನಿನ ಕಾರ್ಖಾನೆಯಲ್ಲಿ ಮಾಲನ್ನು ಮೂಸಿ ಪರೀಕ್ಷಿಸಿ ನಿವೃತ್ತಳಾದವಳು. ಆಕೆ ತಬ್ಬಿಕೊಳ್ಳಲು ಚಾಚಿದ ಕೈಗಳು ಅರ್ಧಕ್ಕೇ ನಿಂತವು.

"ಬೀಗಮ್ಮಾ, ತಲೆ ಮೇಲೆ ಬಟ್ಟೆ ಇಲ್ವಲ್ಲ?"

ಉಲ್ಮೆಕೆನ್‌ಗೆ ಸುಳ್ಳು ಹೇಳಲೂ ತ್ರಾಣ ಉಳಿದಿರಲಿಲ್ಲ. "ಚೀಲದಲ್ಲಿದೆ. ನಾಯಿ ಸುತ್ತ ಇದೆ. ವಿಮಾನದಲ್ಲಿ ಎರಡೂ ಮಾಡ್ತು, ಒಂದಲ್ಲ, ಎರಡೂ! ತೊಳೆದೆ, ಒರೆಸಿದೆ, ನನ್ನ ಸೊಂಟ ಮುರೀತು. ವಾಪಸ್ ಕಳಿಸ್ತೀನಿ ಅಂದ್ರೆ ಈಗಲೇ ಹೇಳಿಬಿಡಿ ಬೀಗಮ್ಮ, ಇದನ್ನ ಕರ್ಕೊಂಡು ಹೋಗೋಕೆ ಇನ್ನೊಂದು ಸಲ ವಿಮಾನದ ಮೆಟ್ಟಿಲು ಹತ್ತಿ ಬರೋ ಶಕ್ತಿ ನಂಗಿಲ್ಲ."

ರಬಿಗಾ ಬಗ್ಗಿ ಚೀಲದ ಕಿಂಡಿಗೆ ಮೂಗು ತಂದಳು.

"ಕಾಝಿ ತಿನ್ಸಿದ್ರಾ?"

"ನಾನಲ್ಲ, ನಮ್ಮ ವಾರಗಿತ್ತಿ."

"ವಾರಗಿತ್ತಿ ಅಂದ್ರೆ ಎಲ್ಲಾ ಊರಲ್ಲೂ ಒಂದೇ." ರಬಿಗಾ ನೆಟ್ಟಗಾದಳು. "ನಾನು ಆಡಿದ ಮಾತು ಮಾತೇ. ಮನೇಲಿ ಒಂದು ಸಲ ಮಾಡಿದ್ರೂ ವಾಪಸ್. ಆದ್ರೆ ವಿಮಾನ ನನ್ನ ಮನೆಯಲ್ಲ." ತನ್ನ ಹೆಗಲ ಶಾಲನ್ನು ತೆಗೆದು ಉಲ್ಮೆಕೆನ್‌ಳ ತಲೆಗೆ ಹೊದಿಸಿ, ಗಾಳಿಗೆ ಹಾರದಂತೆ ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು. "ಮೊದಲು ಅಂಗಳದಲ್ಲಿ ಸ್ನಾನ. ಆಮೇಲೆ ಒಳಗೆ."

ಒಳಗೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಲ್ಮೆಕೆನ್ ಚೀಲ ಎತ್ತಿಕೊಂಡು ಕಾರಿನತ್ತ ನಡೆದಳು. ಅಸೇಮ್ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಓಡಿಸಿದಳು. ಉಲ್ಮೆಕೆನ್‌ಳ ತೊಡೆಯ ಮೇಲಿನ ಚೀಲದಲ್ಲಿ ಅಕ್ತೋಸ್ ಏನೂ ಆಗಿಲ್ಲವೆಂಬಂತೆ ನಿದ್ದೆ ಹೋಗಿತ್ತು.

"ಅಸೇಮ್, ಮನೆ ಸೇರೋಕೆ ಮುಂಚೆ ಎಲ್ಲಾದ್ರೂ ನಿಲ್ಸೇ" ಎಂದಳು ಉಲ್ಮೆಕೆನ್. "ಒಂದು ಬಟ್ಟಲು ನೀರು ಕುಡಿದಿದೆ. ಎಲ್ಲಾ ಹೊರಗೆ ಬಂದಿರೋ ಹಾಗೆ ನಂಗೆ ಅನ್ನಿಸ್ತಿಲ್ಲ."

"ಎಲ್ಲಾದ್ರೂ ಯಾಕೆ?" ಎಂದಳು ಮುಂದೆ ಕುಳಿತಿದ್ದ ರಬಿಗಾ. "ಇಲ್ಲೇ ನಿಲ್ಸು. ಈಗಲೇ!"