ಹಸಿರು ಮುಚ್ಚಳದ ಊಟ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹಡಗಿನಲ್ಲಿ ಅವಳು ಎಲ್ಲರಿಗೂ ಬೇಡಕ್ಕ. ಜನ ಮೋಜಿಗೆಂದು ಹತ್ತಿ, ವಾರಗಟ್ಟಲೆ ಸಮುದ್ರ ಸುತ್ತಿ ಇಳಿಯುವ ದೊಡ್ಡ ಹಡಗು ಅದು. ಅದರ ಊಟದ ಹಾಲ್ ಎಂದರೆ ಎರಡು ಮೂರು ಸಿನಿಮಾ ಟಾಕೀಸುಗಳ ಗೋಡೆ ಒಡೆದು ಒಂದು ಮಾಡಿ ನೀರಿಗೆ ಇಳಿಸಿದ ಹಾಗೆ. ಅಲ್ಲಿ ಕಿಟಕಿ ಬದಿಯ ಒಂದು ಸಾಲು ಮೇಜು ಪಥ್ಯದವರದು. ಒಬ್ಬರಿಗೆ ಹಾಲು ಬೇಡ, ಒಬ್ಬರಿಗೆ ಗೋಧಿ ಬೇಡ, ಇನ್ನೊಬ್ಬರಿಗೆ ಬೆಳ್ಳುಳ್ಳಿ ಹೆಚ್ಚಿದ ಚಾಕುವೂ ಬೇಡ. ಒಬ್ಬಾಕೆಗಂತೂ ಗುಂಡಗೆ ಹೆಚ್ಚಿದ ಕ್ಯಾರೆಟ್ ಬೇಡ, ಉದ್ದಕ್ಕೆ ಹೆಚ್ಚಿದ್ದು ಆಗಬಹುದು. ಅದು ಯಾವ ಕಾಯಿಲೆಯೋ ದೇವರೇ ಬಲ್ಲ. ಇವರೆಲ್ಲರ ಬೇಡಗಳನ್ನು ಹೊತ್ತುಕೊಂಡು ಅಡುಗೆಮನೆಗೆ ಹೋಗಿ ಹೇಳುವವಳು ಅವಳಾದ್ದರಿಂದ ಬೇಡಕ್ಕ ಎಂದಾಯಿತು. ಅವಳಿಗೂ ಬೇಸರವಿರಲಿಲ್ಲ. ಕರೆದರೆ ತಿರುಗಿ ನೋಡಲು ಒಂದು ಹೆಸರು ಇದ್ದರೆ ಸಾಕು ಎನ್ನುತ್ತಿದ್ದಳು.

ಆ ಕೆಲಸಕ್ಕೊಂದು ಕ್ರಮವಿತ್ತು. ಹಿಂದಿನ ಸಂಜೆಯೇ ಪಥ್ಯದವರ ಬಳಿ ಹೋಗಿ, ನಾಳೆ ಇಂಥಿಂಥದು ಮಾಡುತ್ತಾರೆ, ನಿಮಗೆ ಯಾವುದು ಆಗುತ್ತದೆ, ಅದರಲ್ಲಿ ಏನನ್ನು ಬಿಡಬೇಕು ಎಂದು ಕೇಳಿ ಬರಬೇಕು. ಮರುದಿನ ಅಡುಗೆಮನೆಯ ಮೂಲೆಯ ಒಲೆಯಲ್ಲಿ ಅದನ್ನು ಬೇರೆಯಾಗಿ ಮಾಡಿ, ತಟ್ಟೆಗೆ ಬಣ್ಣದ ಮುಚ್ಚಳ ಮುಚ್ಚಿ ಕೊಡುತ್ತಿದ್ದರು. ಹಾಲಿಲ್ಲದ್ದಕ್ಕೆ ನೀಲಿ, ಗೋಧಿಯಿಲ್ಲದ್ದಕ್ಕೆ ಹಳದಿ, ಉಪ್ಪಿಲ್ಲದ್ದಕ್ಕೆ ಹಸಿರು. ಒಮ್ಮೆ ಮುಚ್ಚಳ ಬಿತ್ತೆಂದರೆ ಉಣ್ಣುವವರ ಎದುರಿಗೇ ತೆಗೆಯಬೇಕು, ನಡುವೆ ಯಾರೂ ಮುಟ್ಟಕೂಡದು. ಹಸಿರು ಮುಚ್ಚಳದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನೂ ಇಡುತ್ತಿರಲಿಲ್ಲ.

ಆ ಮೂಲೆಯ ಒಲೆ ನೋಡಿಕೊಳ್ಳುತ್ತಿದ್ದ ಅಡುಗೆಯವನನ್ನು ಎಲ್ಲರೂ ಸಪ್ಪಣ್ಣ ಎನ್ನುತ್ತಿದ್ದರು. ದೊಡ್ಡ ಹೊಟ್ಟೆ, ಸಣ್ಣ ದನಿ. ಹಿಂದೆ ಮಸಾಲೆಗೆ ಹೆಸರಾದ ಕೈಯಂತೆ ಅದು. ಈಗ ದಿನವಿಡೀ ಸಪ್ಪೆ ಬೇಯಿಸಿ ಬೇಯಿಸಿ ಮನುಷ್ಯ ಮಾತಿನಲ್ಲೂ ಸಪ್ಪಗಾಗಿದ್ದಾನೆ ಎಂದು ಉಳಿದ ಅಡುಗೆಯವರು ಕಿಚಾಯಿಸುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಬೇಡಕ್ಕನ ಮನೆ ಬಂದರಿನ ಊರಿನ ಇಸ್ತ್ರಿ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ. ಅಲ್ಲಿ ಅವಳ ತಾಯಿ, ಓದುವ ಮಗಳು. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಸುಖ, ಬೇಸಿಗೆಯಲ್ಲಿ ಬಾಣಲೆ. ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು, ಆನೆಯಂಥ ಆಳು. ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದ. ಡಾಕ್ಟರು ಉಪ್ಪು ಮುಟ್ಟಿಸಬೇಡಿ ಎಂದಿದ್ದರು, ಇವಳು ಮುಟ್ಟಿಸಲಿಲ್ಲ. ಕೊನೆಯ ದಿನಗಳಲ್ಲಿ ಆ ಆನೆ ಮಗುವಿನ ಹಾಗೆ ಒಂದು ಕಲ್ಲು ಉಪ್ಪು ನಾಲಿಗೆ ಮೇಲೆ ಇಡೇ ಎಂದು ಅತ್ತ. ಇವಳು ಮುಖ ತಿರುಗಿಸಿ ಕೂತಳು. ಅವನು ಸಪ್ಪೆ ಬಾಯಲ್ಲೇ ಹೋದ. ಉಳಿಸಿಕೊಳ್ಳುವುದಂತೂ ಆಗಲಿಲ್ಲ, ಅದೊಂದು ಕಲ್ಲು ಉಪ್ಪಾದರೂ ಕೊಟ್ಟಿದ್ದರೆ ಎಂಬ ಮುಳ್ಳು ಮಾತ್ರ ಅವಳ ಎದೆಯಲ್ಲಿ ಮುರಿದು ಉಳಿಯಿತು. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದಿನದೆಲ್ಲ ಆ ಮುಳ್ಳಿನಿಂದಲೇ ಆದದ್ದು.

ಆ ಸಲದ ಪ್ರಯಾಣದಲ್ಲಿ ಹಸಿರು ಮುಚ್ಚಳದ ಮೇಜಿಗೆ ಒಂದು ಮುದಿ ಜೋಡಿ ಬಂತು. ಅಜ್ಜ ಜೀವನವಿಡೀ ಗಡಿಯಾರ ರಿಪೇರಿ ಮಾಡಿದವರು. ಹಡಗಿನ ಗೋಡೆ ಗಡಿಯಾರ ಕಂಡರೂ ನಿಂತು ಕಿವಿಯಿಡುವರು. ಅಜ್ಜಿ ಶಾಲೆಯಲ್ಲಿ ಹೊಲಿಗೆ ಕಲಿಸಿದವರು, ನೆಟ್ಟಗೆ ಕೂರುವ ಹೆಂಗಸು. ಅಜ್ಜನ ಹೃದಯ ಸೋತಿತ್ತು. ಉಪ್ಪು ಇಲ್ಲ, ನೀರು ಕೂಡ ಲೋಟ ಅಳೆದು. ಬೇಡಕ್ಕ ಸಂಜೆ ಕೇಳಲು ಹೋದರೆ ಅಜ್ಜ ಬಾಯಿ ತೆರೆಯುವ ಮೊದಲೇ ಅಜ್ಜಿಯ ಉತ್ತರ ಸಿದ್ಧವಾಗಿರುತ್ತಿತ್ತು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ನೋಡು, ಹಲ್ಲೂ ಇದೆ ಕಡಲೆಯೂ ಇದೆ, ಮಧ್ಯದಲ್ಲಿ ಹೆಂಡತಿ ಇದ್ದಾಳೆ" ಎಂದು ಅಜ್ಜ ಕಣ್ಣು ಮಿಟುಕಿಸುವರು.

"ನಾನು ಮಧ್ಯ ಇರೋದಕ್ಕೇ ನೀವಿನ್ನೂ ಇರೋದು" ಎಂದು ಅಜ್ಜಿ ಕರವಸ್ತ್ರ ಮಡಿಸುವರು.

ಜೋಡಿ ಹಾಗಿತ್ತು. ಆದರೆ ದಿನ ಕಳೆದ ಹಾಗೆ ಅಜ್ಜನ ತಟ್ಟೆ ಅರ್ಧಕ್ಕೇ ವಾಪಸು ಬರತೊಡಗಿತು, ಆಮೇಲೆ ಮುಟ್ಟದೆಯೇ ಬರತೊಡಗಿತು. ಅಜ್ಜಿ ತುತ್ತು ಕಲಸಿ ಬಾಯಿಗೆ ಹಿಡಿದರೂ ಮುಖ ಕಿಟಕಿಯ ಕಡೆ. ಹೊರಗೆ ಕಣ್ಣು ಹಾಯುವಷ್ಟೂ ಉಪ್ಪು ನೀರು, ಇಲ್ಲಿ ನಾಲಿಗೆಗೆ ಒಂದು ಹರಳಿಲ್ಲ ಎನ್ನುವರು. ತಮಾಷೆಯಾಗಿಯೇ ಹೇಳುತ್ತಿದ್ದರು, ನಗು ಮಾತ್ರ ಮುಖದಲ್ಲಿ ಇರುತ್ತಿರಲಿಲ್ಲ.

ಅವರ ಮದುವೆಯಾದ ದಿನ ಹತ್ತಿರ ಬಂತು. ಹಿಂದಿನ ಸಂಜೆ ಅಜ್ಜಿ ಶಾಲು ತರಲು ರೂಮಿಗೆ ಹೋದ ಹೊತ್ತು ನೋಡಿ ಅಜ್ಜ ಬೇಡಕ್ಕನ ಮುಂಗೈ ಹಿಡಿದರು. ಹತ್ತಿಯಷ್ಟು ಹಗುರದ ಕೈ.

"ಮಗಳೇ, ನಾಳೆ ಒಂದು ದಿನ. ಒಂದೇ ಚಿಟಿಕೆ. ನನ್ನವಳಿಗೆ ಗೊತ್ತಾಗೋದು ಬೇಡ. ಅಡುಗೆಯವನಿಗೂ ಹೇಳಬೇಡ, ಪಾಪ, ಅವನ ಕೆಲಸ ಹೋದೀತು."

"ಅಜ್ಜಾ, ನನ್ನ ಕೈಲಿ ಆಗದ ಮಾತು ಕೇಳಬೇಡಿ."

"ಆಗದ ಮಾತು ಅಂತ ಎಲ್ಲರೂ ಹೇಳ್ತಾರೆ. ಸಪ್ಪೆ ಬಾಯಲ್ಲಿ ಸಾಯೋದು ಹೇಗಿರುತ್ತೆ ಅಂತ ಯಾರೂ ಹೇಳಲ್ಲ."

ಅವರಿಗೇನು ಗೊತ್ತು ಇವಳ ಗಂಡನ ಕಥೆ. ಬಾಯಿಗೆ ಬಂದದ್ದು ಹೇಳಿದರು, ಅದು ಹೋಗಿ ಮುಳ್ಳಿನ ಬುಡಕ್ಕೇ ತಾಗಿತು. ಬೇಡಕ್ಕ ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಮರುದಿನ ಸಂಜೆ ಸಮುದ್ರ ಸ್ವಲ್ಪ ಮುನಿಸಿಕೊಂಡಿತ್ತು. ಅಂಥ ದಿನ ತಟ್ಟೆ ಜಾರದಿರಲೆಂದು ಮೇಜಿನ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ಬೇಡಕ್ಕ ಚಿಮುಕಿಸಿ ಬಂದು ಸಪ್ಪಣ್ಣನ ಕೈಯಿಂದ ಹಸಿರು ಮುಚ್ಚಳದ ಸೂಪನ್ನೂ ತಟ್ಟೆಯನ್ನೂ ತೆಗೆದುಕೊಂಡಳು. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಲೋಟ ಒರೆಸಿ ಇಡುವ ಒಂದು ಇಕ್ಕಟ್ಟು ಜಾಗ. ಅಲ್ಲಿ ಯಾರೂ ಇರಲಿಲ್ಲ. ಏಪ್ರನ್ ಜೇಬಿನಲ್ಲಿ ಉಪ್ಪಿನ ಸಣ್ಣ ಪೊಟ್ಟಣ ಬೆಳಗಿನಿಂದ ಕೂತಿತ್ತು. ಮುಚ್ಚಳ ಎತ್ತಿ ಸೂಪಿಗೆ ಸುರಿದು ಚಮಚೆಯ ಹಿಡಿಯಿಂದ ಕಲಕಿದಳು. ಚಿಟಿಕೆ ಎಂದುಕೊಂಡಿದ್ದಳು. ಸುರಿಯುವಾಗ ಹಡಗು ವಾಲಿ ಪೊಟ್ಟಣ ಪೂರಾ ಖಾಲಿಯಾಗಿತ್ತು.

ಅಜ್ಜ ಅಂದು ಕೋಟು ಹಾಕಿ ತಲೆ ಬಾಚಿ ಕೂತಿದ್ದರು. ಮೊದಲ ಚಮಚೆಗೆ ಕಣ್ಣು ಮುಚ್ಚಿದರು. ತೆರೆದಾಗ ಅದರಲ್ಲಿ ನೀರಿತ್ತು. ಬೇಡಕ್ಕ ಅಡುಗೆಮನೆಗೆ ಹೋಗಿ ಉಳಿದ ಮೇಜಿನವರ ತಟ್ಟೆ ಹಿಡಿದು ತಿರುಗಿ ಬರುವಷ್ಟರಲ್ಲಿ ಅಜ್ಜ ಚಮಚೆ ಕೆಳಗಿಟ್ಟಿದ್ದರು, ಅಜ್ಜಿ ತಿನ್ನಿ ತಿನ್ನಿ ಎಂದು ಒತ್ತಾಯ ಮಾಡುತ್ತಿದ್ದರು. ಅಜ್ಜ ಒಮ್ಮೆ ಅಜ್ಜಿಯ ಮುಖ ನೋಡಿದರು, ಒಮ್ಮೆ ಬೇಡಕ್ಕನದು, ಒಮ್ಮೆ ಅಡುಗೆಮನೆಯ ಬಾಗಿಲು. ಆಮೇಲೆ ಬಟ್ಟಲು ಎತ್ತಿ ತಳ ಕಾಣುವವರೆಗೆ ಕುಡಿದರು. ತಟ್ಟೆಯನ್ನೂ ಬಿಡಲಿಲ್ಲ. ಅಜ್ಜಿಯ ಮುಖ ಅರಳಿತು. ಅಜ್ಜ ನೀರು ಕೇಳಿದರು. ಹಬ್ಬದಂಥ ದಿನ, ಕುಡಿಯಲಿ ಎಂದು ಅಜ್ಜಿ ತಲೆಯಾಡಿಸಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಜಗ್ಗು ಬರಿದಾಗುವವರೆಗೆ ಸುರಿದವಳು ಬೇಡಕ್ಕನೇ.

ಅಜ್ಜ ಬೆಳಕು ಹರಿಯುವುದನ್ನು ನೋಡಲಿಲ್ಲ. ಉಸಿರು ಕಟ್ಟಿ ಎದ್ದು ಕೂತರಂತೆ, ಎದೆಯಲ್ಲಿ ನೀರು ತುಂಬಿತ್ತಂತೆ. ಹಡಗಿನ ಡಾಕ್ಟರು, ಇಂಥ ಹೃದಯ ಯಾವತ್ತಾದರೂ ನಿಲ್ಲುವುದೇ ಎಂದು ಹೇಳಿ ಕೈ ತೊಳೆದುಕೊಂಡರು.

ಸುದ್ದಿ ಕೇಳಿದಾಗ ಬೇಡಕ್ಕನಿಗೆ ಕಾಲ ಕೆಳಗಿನ ಹಡಗು ಇಲ್ಲವೆನಿಸಿತು. ಹೇಗೋ ಮೂಲೆಯ ಒಲೆಯ ಹತ್ತಿರ ಹೋದಳು. ಸಪ್ಪಣ್ಣ ಹಸಿರು ಮುಚ್ಚಳವೊಂದನ್ನು ಉಜ್ಜುತ್ತಲೇ ಇದ್ದ, ಅದು ಆಗಲೇ ಹೊಳೆಯುತ್ತಿತ್ತು.

"ಬೇಡಕ್ಕ, ನಿನ್ನೆ ಅಜ್ಜನ ಸೂಪಿಗೆ ನಾನು ಉಪ್ಪು ಹಾಕಿದ್ದೆ" ಎಂದ, ತಲೆ ಎತ್ತದೆ. "ಮೊನ್ನೆ ಬಾಗಿಲ ಹತ್ತಿರ ಬಂದು ಕೇಳಿದ್ರು. ಮದುವೆ ದಿನ ಅಂದ್ರು. ಯಾರಿಗೂ ಹೇಳಬೇಡ, ಬಡಿಸೋ ಹುಡುಗಿಗೂ ಹೇಳಬೇಡ ಅಂದ್ರು."

ತಾನೂ ಹಾಕಿದ್ದೆ ಎಂದು ಅವನಿಗೆ ಹೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಆ ಮುಚ್ಚಳವನ್ನೇ ನೋಡಿದರು. ಗಡಿಯಾರದ ಕೆಲಸದ ಮನುಷ್ಯ, ಒಂದು ಚಕ್ರಕ್ಕೆ ಇನ್ನೊಂದು ಚಕ್ರ ಕಾಣದ ಹಾಗೆ ಜೋಡಿಸಿದ್ದರು. ಒಬ್ಬರು ಇಲ್ಲವೆಂದರೂ ಇನ್ನೊಬ್ಬರು ಕೊಟ್ಟಾರು ಎಂದಿರಬೇಕು. ಎಲ್ಲರಿಗೂ ಒಂದೇ ದಿನ ಕರುಳು ಕರಗುತ್ತದೆಂದು ಅವರು ಎಣಿಸಿರಲಿಲ್ಲ.

ಮುಂದಿನ ಬಂದರಿನಲ್ಲಿ ಅಜ್ಜಿಯ ಮಗ ಬರುವವನಿದ್ದ. ಅದಕ್ಕೆ ಮೊದಲು ಬೇಡಕ್ಕ ರೂಮಿಗೆ ಚಹಾ ತೆಗೆದುಕೊಂಡು ಹೋದಳು. ಊಟದ ಹಾಲಿನ ಸೂಪರ್‌ವೈಸರ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅಜ್ಜಿ ಅವಳನ್ನು ಹಾಸಿಗೆಯ ಅಂಚಿಗೆ ಎಳೆದು ಕೂರಿಸಿಕೊಂಡು ಅಳುತ್ತ ಪಿಸುದನಿಯಲ್ಲಿ ಹೇಳಿದರು.

"ನಾನೇ ಕೊಂದೆ ಕಣೇ. ಎಷ್ಟು ವರ್ಷದಿಂದ ಕಾಯ್ದು ಕಾಯ್ದು, ಕೊನೆಗೆ ನಾನೇ. ಪಕ್ಕದ ಮೇಜಿನಿಂದ ಉಪ್ಪಿನ ಪೊಟ್ಟಣ ಎತ್ತಿಟ್ಟುಕೊಂಡಿದ್ದೆ. ಅವರು ಕನ್ನಡಕ ಒರೆಸ್ತಿದ್ದಾಗ ಒಂದು ಚಿಟಿಕೆ ಸೂಪಿಗೆ ಹಾಕಿದೆ. ಅರ್ಧ ಕುಡಿದು, ಜಾಸ್ತಿ ಆಯ್ತಲ್ಲೇ ಅಂದ್ರು. ಸಪ್ಪೆ ತಿಂದು ತಿಂದು ನಾಲಿಗೆಗೆ ಅಭ್ಯಾಸ ತಪ್ಪಿದೆ ಅಂದುಕೊಂಡೆ. ಸುಮ್ನೆ ತಿನ್ನಿ, ಬಿಡಬೇಡಿ ಅಂದೆ. ನಾನೇ ಒತ್ತಾಯ ಮಾಡಿದೆ."

ಬೇಡಕ್ಕನ ಬಾಯಿ ತೆರೆಯಿತು. ಬಾಗಿಲಲ್ಲಿ ಸೂಪರ್‌ವೈಸರ್ ಕಾಲು ಬದಲಿಸಿದ ಸದ್ದಾಯಿತು. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ, ನೆಲದ ಮೇಲೆ ಕೂತು ಓದುವ ಮಗಳು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ತಾಯಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ತೆರೆದ ಬಾಯಿಂದ ಬಂದ ಮಾತು ಇಷ್ಟೇ:

"ಒಂದು ಚಿಟಿಕೆ ಉಪ್ಪಿಗೆ ಯಾರೂ ಸಾಯಲ್ಲ ಅಜ್ಜಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವಳನ್ನು ಆಮೇಲೆ ಹೆಚ್ಚು ತಿಂದದ್ದು. ಅಜ್ಜಿ ಅವಳ ಕೆನ್ನೆ ಸವರಿ, ನೀನಾದರೂ ಕ್ರಮ ತಪ್ಪದೆ ನೋಡಿಕೊಂಡೆ, ನಿನ್ನ ಕೈ ತಣ್ಣಗಿರಲಿ ಎಂದು ಹರಸಿ ಇಳಿದು ಹೋದರು.

ಸಪ್ಪಣ್ಣ ಆ ಪ್ರಯಾಣ ಮುಗಿದದ್ದೇ ಹಡಗು ಬಿಟ್ಟ. ಬೇಡಕ್ಕ ಬಿಡಲಿಲ್ಲ, ಬಿಟ್ಟರೆ ಮನೆಯ ಒಲೆ ಉರಿಯಬೇಕಲ್ಲ. ಆದರೆ ಮನುಷ್ಯಳು ಕಲ್ಲಾದಳು. ಪಥ್ಯದವರು ಹಲ್ಲು ಗಿಂಜಿದರೂ ಕರಗುತ್ತಿರಲಿಲ್ಲ. ಹೊಸದಾಗಿ ಬಂದ ಅಡುಗೆಯವನ ಎದುರು ನಿಂತು ಪ್ರತಿ ತಟ್ಟೆಗೂ, ಹಾಕಿದ್ದೀಯಾ ಎಂದು ಕೇಳುವಳು. ಅವನು ಇಲ್ಲ ಎಂದ ಮೇಲೇ ಕೈಗೆ ತೆಗೆದುಕೊಳ್ಳುವಳು. ಇದೆಂಥ ಹುಚ್ಚು ಇವಳಿಗೆ ಎಂದು ಅವನು ಗೊಣಗುತ್ತಿದ್ದ. ರಜೆಗೆ ಮನೆಗೆ ಹೋದಾಗ ತಾಯಿ, ಸಾರಿಗೆ ಉಪ್ಪು ಸರಿಯಿದೆಯೇನೇ ಎಂದು ಕೇಳಿದರೆ ಉತ್ತರ ಕೊಡದೆ ಎದ್ದು ಹೋಗುತ್ತಿದ್ದಳು. ಪಾಪ, ಆ ಮುದುಕಿಗೇನು ಗೊತ್ತು, ತನ್ನ ಅಡುಗೆಯೇ ಕೆಟ್ಟಿತೇನೋ ಎಂದು ಮುಖ ಸಣ್ಣದು ಮಾಡಿಕೊಳ್ಳುವಳು.

ಮರುವರ್ಷ ಅದೇ ಕಾಲಕ್ಕೆ ಅಜ್ಜಿ ಒಬ್ಬರೇ ಬಂದರು. ಅದೇ ಮೇಜು, ಅದೇ ನೆಟ್ಟನೆ ಬೆನ್ನು, ಬಟ್ಟೆಯೊಳಗೆ ಮೈ ಮಾತ್ರ ಅರ್ಧವಾಗಿತ್ತು. ಸಂಜೆ ಬೇಡಕ್ಕ ಕೇಳಲು ಹೋದಾಗ, ನನಗೂ ಹಸಿರು ಮುಚ್ಚಳದ ಊಟ ಎಂದರು. ಯಾವ ಡಾಕ್ಟರೂ ಹೇಳಿರಲಿಲ್ಲ. ಅವರು ಹೋದಂದಿನಿಂದ ಉಪ್ಪು ಮುಟ್ಟಿಲ್ಲ, ನನ್ನ ಕೈಯ ಉಪ್ಪೇ ಅವರನ್ನು ತಿಂದಿತಲ್ಲ ಎಂದರು. ತಲೆ ಸುತ್ತುತ್ತದಂತೆ, ಕಾಲಿಗೆ ಸೆಳೆತವಂತೆ, ಮಗ ಬೈಯುತ್ತಾನಂತೆ.

ಬೇಡಕ್ಕ ಹಸಿರು ಮುಚ್ಚಳ ಹೊತ್ತಳು. ಒಂದು ದಿನ, ಎರಡು ದಿನ, ಮತ್ತೂ ಕೆಲವು ದಿನ. ಅಜ್ಜಿ ಮಣ್ಣು ತಿಂದ ಹಾಗೆ ತಿನ್ನುವುದನ್ನು ನಿಂತು ನೋಡಿದಳು. ಕೈಯಲ್ಲಿ ಅವರ ಬಿಡುಗಡೆ ಇತ್ತು. ಅದನ್ನು ಕೊಡಬೇಕಾದರೆ ತನ್ನ ಅನ್ನವನ್ನು ಜೊತೆಗೆ ಕೊಡಬೇಕಿತ್ತು.

ಅವರ ಮದುವೆಯಾದ ದಿನ ಬಂತು. ಬೇಡಕ್ಕ ಮುಚ್ಚಳ ತೆಗೆಯಲಿಲ್ಲ. ಅದರ ಮೇಲೆ ಕೈಯಿಟ್ಟು ನಿಂತು ಹೇಳಿದಳು.

"ಅಜ್ಜಿ, ಅವತ್ತು ಸೂಪಿಗೆ ನಾನೂ ಹಾಕಿದ್ದೆ. ಪೊಟ್ಟಣ ಪೂರ್ತಿ. ನನಗಿಂತ ಮೊದಲು ಅಡುಗೆಯವನು ಹಾಕಿದ್ದ. ಅಜ್ಜ ಇಬ್ಬರನ್ನೂ ಕೇಳಿದ್ರು."

ಅಜ್ಜಿ ಮುಚ್ಚಳದ ಮೇಲಿದ್ದ ಅವಳ ಕೈಯನ್ನೇ ನೋಡಿದರು. ಪಕ್ಕದ ಮೇಜಿನಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

"ಅವತ್ತು ನಾನು ಅತ್ತಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಜ್ಜಿ."

"ಒಂದು ವರ್ಷ" ಎಂದರು ಅಜ್ಜಿ. ಬೈಯಲಿಲ್ಲ. ಕರವಸ್ತ್ರ ಮಡಿಸಿ ಮೇಜಿನ ಮೇಲಿಟ್ಟು ಎದ್ದು ಹೋದರು.

ಮರುದಿನ ಸೂಪರ್‌ವೈಸರ್ ಅವಳನ್ನು ಮೂಲೆಗೆ ಕರೆದ. "ಏನು ಮಾಡಿದೆ ಆ ಅಮ್ಮನಿಗೆ? ಏನು ಕೇಳಿದ್ರೂ ಹೇಳ್ತಿಲ್ಲ. ನಿನ್ನ ಕೈಯಿಂದ ನೀರು ಕೂಡ ಬೇಡವಂತೆ."

ದೂರು ಕೊಟ್ಟಿರಲಿಲ್ಲ ಎಂದಾಯಿತು. ಇಂದಲ್ಲ ನಾಳೆ ಕೊಟ್ಟಾರು, ಮಗನಿಗಾದರೂ ಹೇಳಿಯಾರು ಎಂದು ಬೇಡಕ್ಕ ತನ್ನ ಟ್ರಂಕು ತುಂಬಿಸಿಯೇ ಇಟ್ಟುಕೊಂಡಳು. ಪಥ್ಯದ ಸಾಲಿನಿಂದ ಅವಳನ್ನು ಎತ್ತಿ ಲೋಟ ಒರೆಸುವ ಆ ಇಕ್ಕಟ್ಟು ಜಾಗಕ್ಕೆ ಹಾಕಿದರು.

ಅಲ್ಲಿಂದ ಬಾಗಿಲ ಸಂದಿಯಲ್ಲಿ ಊಟದ ಹಾಲಿನ ಆಚೆ ತುದಿಯವರೆಗೂ ಕಾಣುತ್ತಿತ್ತು. ಅಜ್ಜಿ ಈಗ ನಡುವಿನ ಒಂದು ಸಣ್ಣ ಮೇಜಿನಲ್ಲಿ ಕೂತಿದ್ದರು. ಬೇರೊಬ್ಬಳು ಅವರ ಮುಂದೆ ತಟ್ಟೆ ಇಟ್ಟಳು, ಅದಕ್ಕೆ ಮುಚ್ಚಳವಿರಲಿಲ್ಲ. ಅಜ್ಜಿ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡು, ಗುರುತಿಲ್ಲದ ವಸ್ತುವಿನ ಹಾಗೆ ತಿರುಗಿಸಿ ನೋಡಿದರು. ಒಮ್ಮೆ ಕೆಳಗಿಟ್ಟರು. ಮತ್ತೆ ಎತ್ತಿ ತಟ್ಟೆಯ ಮೇಲೆ ಬಗ್ಗಿಸಿದರು.

ಇತ್ತ ಕಡೆ ಅವರು ತಿರುಗಿ ನೋಡಲಿಲ್ಲ. ಬೇಡಕ್ಕ ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತ ನಿಂತಿದ್ದಳು.